ಸೂಕ್ಷ್ಮಜೀವಿಯ ಬಿತ್ತನೆ

ಬೆಂಗಳೂರಿನ ವಿಜಯನಗರದ ಟೋಲ್‌ಗೇಟಿನಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಮಾಗಡಿ ರಸ್ತೆಯಲ್ಲಿ ದಿನನಿತ್ಯವೂ ಸಂಚರಿಸುವ ಸಹಸ್ರಾರು ಜನರಲ್ಲಿ, ಆ ರಸ್ತೆ ಹೋಗಿ ಮುಟ್ಟುವ ಮಾಗಡಿ ಕುಣಿಗಲುಗಳ ಸೀಮೆಯು ನಮ್ಮ ಮಿಶ್ರತಳಿ ರೇಷ್ಮೆಗೆ ತಾಯಿನೆಲವೆಂಬುದನ್ನು ಬಲ್ಲವರು ಪ್ರಾಯಶಃ ವಿರಳ. ಮೈಸೂರು ತಳಿಯೆಂದು ಪ್ರಸಿದ್ಧವಾದ ರೇಷ್ಮೆಹುಳುವಿನ ಶುದ್ಧವಾದ ಬಿತ್ತನೆಗೂಡನ್ನು ಬೆಳೆಯುವುದಕ್ಕಾಗಿಯೇ ಆ ಸೀಮೆಯನ್ನು ಸರ್ಕಾರವು ಮೀಸಲಾಗಿಟ್ಟಿದೆ. ಅಲ್ಲಿ ಬೆಳೆದ ಗೂಡನ್ನು ನೂಲು ತೆಗೆಯುವುದಕ್ಕಾಗಿ ಬಿಸಿನೀರಿಗೆ ಹಾಕದೆ, ಚಿಟ್ಟೆ ಹೊರಬರುವ ತನಕ ಕಾಪಾಡಿ, ಆ ಹೆಣ್ಣುಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿ, ಪಡೆದ ಮೊಟ್ಟೆಯನ್ನು ಪರೀಕ್ಷಿಸಿ ರೈತನಿಗೆ ಕೊಡುವ ವ್ಯವಸ್ಥೆ ಹಲವು ದಶಕಗಳಿಂದ ನಡೆದುಬಂದಿದೆ. ಜೀವಿಯೊಂದಕ್ಕೆ ಆಹಾರವಿಟ್ಟು ಅದರ ಮೈಯಿಂದ ವಸ್ತುವನ್ನು ಬೆಳೆಸಿಕೊಳ್ಳುವ ವಿದ್ಯೆ ಹೀಗೆ ಟಿಪ್ಪುಸುಲ್ತಾನನ ಕಾಲದಿಂದಲೂ ನಮಗೆ ಪರಿಚಿತವಾದದ್ದು. ಈಗ ಜಗತ್ತಿನ ಪ್ರಯೋಗಮಂದಿರಗಳಲ್ಲಿಯೂ ವಿನ್ಯಾಸಶಾಲೆಗಳಲ್ಲಿಯೂ ಹುಳುವಿನ ಸ್ಥಾನದಲ್ಲಿ ಬ್ಯಾಕ್ಟೀರಿಯವನ್ನಿರಿಸಿ, ಅದರ ವಂಶವಾಹಿಗಳನ್ನು ಬೇಕಾದಂತೆ ತಿದ್ದಿ, ಬಟ್ಟೆ, ಚರ್ಮಸದೃಶವಾದ ಹಾಳೆ, ಬಣ್ಣ, ಸುಗಂಧ ಮೊದಲಾದವನ್ನು ಬೆಳೆಯಿಸುವ ಉದ್ಯೋಗ ಆರಂಭವಾಗಿದೆ. ಅದು ಸಾಧ್ಯವೆಂಬುದು ತಕ್ಕಷ್ಟು ಸಿದ್ಧವಾಗಿರುವುದರಿಂದ, ಇನ್ನು ನಾವು ವಿಚಾರ ಮಾಡತಕ್ಕದ್ದು ಆ ಹೊಸ ಬಿತ್ತನೆ ಯಾರ ಕೈಯಲ್ಲಿರಬೇಕು ಎಂಬುದನ್ನು. ರೇಷ್ಮೆಯ ವಿಷಯದಲ್ಲಿ ಮೈಸೂರು ಸಂಸ್ಥಾನವು ಕಂಡುಕೊಂಡ ಉತ್ತರವೇ ಇದಕ್ಕೂ ಸಲ್ಲತಕ್ಕದ್ದೆಂಬುದು ನನ್ನ ಪಕ್ಷ.

ಮೊದಲು ವಸ್ತುವನ್ನು ಹತ್ತಿರದಿಂದ ನೋಡಬೇಕು. ಹಣ್ಣು ಹುಳಿಯುವಲ್ಲಿ, ವಿನಿಗರ್ ತಯಾರಾಗುವಲ್ಲಿ ತಾನಾಗಿ ಬಂದು ನೆಲೆಸುವ ಬ್ಯಾಕ್ಟೀರಿಯದ ಒಂದು ಕುಲವುಂಟು; ಕೊಮಗಾಟೈಬ್ಯಾಕ್ಟರ್ ಎಂಬುದು ಅದರ ಇಂದಿನ ಹೆಸರು. ಅಗಲವಾದ ಬೋಗುಣಿಯಲ್ಲಿ ಸಕ್ಕರೆ ಕರಗಿಸಿದ ಚಹಾದ ನೀರನ್ನಿಟ್ಟು, ಈ ಜೀವಿಯನ್ನು ಅದರಲ್ಲಿ ಬಿತ್ತಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಅಲುಗಿಸದೆ ಬಿಟ್ಟರೆ, ಕೆಲವು ದಿನಗಳಲ್ಲಿ ನೀರಿನ ಮೇಲ್ಮೈಗೆ ಮಸುಕಾದ ಪೊರೆಯೊಂದು ಕಟ್ಟುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅದು ಬಲಿತ ಎಳನೀರಿನ ಗಂಜಿಯಂತೆ ಕೈಯಿಂದ ಜಾರುವ ದಪ್ಪ ಹಾಳೆಯಾಗಿ, ಬೋಗುಣಿಯ ಆಕಾರವನ್ನೇ ತಾಳಿ ನಿಂತಿರುತ್ತದೆ. ಮೂಗಿಗೆ ಹುಳಿಯ ಘಾಟು ಬರುತ್ತದೆ. ಅದರ ತೂಕದಲ್ಲಿ ಬಹುಭಾಗ ನೀರು. ತೊಳೆದು, ಹಲಗೆಯ ಮೇಲೆ ಹರಡಿ ಒಣಗಿಸಿದರೆ ಅಷ್ಟು ದಪ್ಪವಾಗಿದ್ದ ಹಾಳೆ ಕಾಗದದಷ್ಟಾಗಿ ಉಳಿಯುತ್ತದೆ. ಆದರೆ ಎರಡು ಕೈಯಲ್ಲಿ ಹಿಡಿದು ಎಳೆದವರಿಗೆ ಅದರ ಬಿಗಿ ಏನೆಂಬುದು ತಿಳಿಯುತ್ತದೆ. ಬಟ್ಟೆಯ ಹತ್ತಿಯಲ್ಲಿರುವ ಸೆಲ್ಯುಲೋಸೇ ಇದರಲ್ಲಿಯೂ ಇರುವುದು. ಎಳೆ ಮಾತ್ರ ಅದಕ್ಕಿಂತ ಬಹಳ ಸೂಕ್ಷ್ಮ. ಉಸಿರಾಟಕ್ಕೆ ಗಾಳಿ ಬೇಕಾದ ಪ್ರಯುಕ್ತ ಈ ಜೀವಿಗಳು ನೀರಿನ ಮೇಲ್ಮೈಯನ್ನು ಆಶ್ರಯಿಸಿ, ಒಂದೊಂದೂ ತನ್ನ ಮೈಯ ರಂಧ್ರಗಳಿಂದ ಎಳೆಯನ್ನು ಹೊರಬಿಡುತ್ತ ಒಂದರೊಡನೊಂದು ಹೆಣೆದುಕೊಳ್ಳುವುದರಿಂದ ಹಾಳೆಯಾಗುತ್ತದೆ. ಎ. ಜೆ. ಬ್ರೌನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು ಇದನ್ನು ೧೮೮೬ರಷ್ಟು ಹಿಂದೆಯೇ ವರ್ಣಿಸಿದ್ದನು. ನೆರೆಯ ಕೇರಳದಲ್ಲಿ ಮಲೈ ಎಂಬ ಸಂಸ್ಥೆಯವರು ತೆಂಗಿನಕಾಯಿಯ ನೀರಿನಲ್ಲಿ ಇದೇ ಜಾತಿಯ ಬ್ಯಾಕ್ಟೀರಿಯವನ್ನು ಬೆಳೆಸಿ, ಬಾಳೆಯ ನಾರು ಮೊದಲಾದವನ್ನು ಸೇರಿಸಿ, ಚರ್ಮಕ್ಕೆ ಬದಲಾಗಿ ಬಳಸಬಹುದಾದ ಹಾಳೆಗಳನ್ನು ತಯಾರಿಸುತ್ತಿದ್ದಾರೆ.

ಇಷ್ಟರ ತನಕ ಜೀವಿಯ ಸ್ವಭಾವವನ್ನು ಮನುಷ್ಯನು ಬಳಸಿಕೊಂಡದ್ದಾಯಿತೇ ಹೊರತು ಬದಲಾಯಿಸಿದ್ದಾಗಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಟಾಮ್ ಎಲ್ಲಿಸ್ ಮತ್ತು ಅವರ ಸಂಗಡಿಗರು ೨೦೨೪ರಲ್ಲಿ ಪ್ರಕಟಿಸಿದ ಕಾರ್ಯವು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ನಮ್ಮ ಕೂದಲಿಗೆ ಕಪ್ಪನ್ನು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ಉಂಟುಮಾಡತಕ್ಕ ಕಿಣ್ವದ ವಂಶವಾಹಿಯನ್ನು ಅವರು ಆ ಬ್ಯಾಕ್ಟೀರಿಯದೊಳಕ್ಕೆ ಸೇರಿಸಿದರು. ಪಾದರಕ್ಷೆಯ ಆಕಾರದ ಪಾತ್ರೆಯೊಂದರಲ್ಲಿ ಎರಡು ವಾರ ಬೆಳೆದ ಹಾಳೆಯನ್ನು ಎರಡು ದಿನ ಹದವಾದ ಶಾಖದಲ್ಲಿ ಮೆಲ್ಲನೆ ಅಲುಗಿಸುತ್ತಿರಲು, ಹಾಳೆಯೊಳಗಿದ್ದ ಜೀವಿಗಳೇ ಅದನ್ನು ಕಪ್ಪಾಗಿಸಿದವು. ಹಾಳೆಯನ್ನು ಹೆಣೆದ ಜೀವಿಯೇ ಬಣ್ಣವನ್ನೂ ಕಟ್ಟಿತು. ಬಣ್ಣ ಹಾಕುವುದಕ್ಕೆಂದು ಪ್ರತ್ಯೇಕವಾದ ತೊಟ್ಟಿ ಬೇಕಾಗಲಿಲ್ಲ. ಬಟ್ಟೆಯ ವ್ಯವಸಾಯದಲ್ಲಿ ನೀರನ್ನು ಕೆಡಿಸುವ ಕರ್ಮಗಳಲ್ಲಿ ಬಣ್ಣಗಾರಿಕೆಯೇ ಮುಖ್ಯವೆಂಬುದನ್ನು ಬಲ್ಲವರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಇಂಥ ಪ್ರಯತ್ನಗಳಲ್ಲಿ ಬೆಂಗಳೂರು ಹಿಂದೆ ಬಿದ್ದದ್ದೂ ಅಲ್ಲ. ೨೦೦೯ರಲ್ಲಿಯೇ ಯಲಹಂಕದ ಸೃಷ್ಟಿ ಕಲಾ ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನೆರವಿನಿಂದ, ಐಜೆಮ್ ಎಂಬ ಅಂತರರಾಷ್ಟ್ರೀಯ ಕೂಟದಲ್ಲಿ ಭಾಗವಹಿಸಿ, ಮಳೆ ಬಿದ್ದ ನೆಲದ ವಾಸನೆಗೆ ಕಾರಣವಾದ ಜಿಯೊಸ್ಮಿನ್ ಎಂಬ ದ್ರವ್ಯವನ್ನು ಕೋಲೈ ಬ್ಯಾಕ್ಟೀರಿಯದಿಂದ ಹುಟ್ಟಿಸುವ ಪ್ರಯೋಗವನ್ನು ಕೈಗೊಂಡರು. ಚಿತ್ರ ಬರೆಯುವುದನ್ನೂ ವಸ್ತುಗಳನ್ನು ರೂಪಿಸುವುದನ್ನೂ ಕಲಿಯಬಂದ ತರುಣರು ಪೆಟ್ರಿತಟ್ಟೆಯನ್ನು ಹಿಡಿದದ್ದು ನನ್ನ ದೃಷ್ಟಿಯಲ್ಲಿ ಸ್ಮರಣೀಯವಾದ ಸಂಗತಿ. ಆ ಕೂಟದ ನಿಯಮವೊಂದು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು: ಒಂದು ತಂಡ ಸಿದ್ಧಪಡಿಸಿದ ವಂಶವಾಹಿಯ ತುಣುಕನ್ನು ಎಲ್ಲರಿಗೂ ತೆರೆದ ಸಂಗ್ರಹಕ್ಕೆ ಒಪ್ಪಿಸುವುದು ಅಲ್ಲಿಯ ಪದ್ಧತಿ, ಮುಂದಿನ ವರ್ಷ ಬೇರೆ ದೇಶದ ಬೇರೆ ತಂಡ ಅದನ್ನು ಎತ್ತಿಕೊಂಡು ಮುಂದುವರಿಸಬಹುದು.

ನಮ್ಮ ರಾಜಾಜಿನಗರದಿಂದ ಕೂಗಳತೆಯ ದೂರದಲ್ಲಿರುವ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದ ಭಾರತೀಯ ವಿಜ್ಞಾನ ಸಂಸ್ಥೆಯ ಇಟ್ಟಿಗೆಯ ಪ್ರಯೋಗ ಇನ್ನೊಂದು ಬಗೆಯದು. ಅಲ್ಲಿಯ ಯಂತ್ರಶಾಸ್ತ್ರ ವಿಭಾಗದ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮೊದಲಾದವರು ಇಸ್ರೋ ಸಂಸ್ಥೆಯೊಡನೆ ಸೇರಿ, ಚಂದ್ರನ ಮಣ್ಣನ್ನು ಹೋಲುವಂತೆ ತಯಾರಿಸಿದ ಪುಡಿಗೆ ಸ್ಪೊರೊಸಾರ್ಸಿನ ಪಾಶ್ಚರಿ ಎಂಬ ಬ್ಯಾಕ್ಟೀರಿಯ, ಯೂರಿಯಾ, ಕ್ಯಾಲ್ಸಿಯಂ, ಗೋರಿಕಾಯಿ ಬೀಜದ ಅಂಟು ಇವನ್ನು ಬೆರೆಸಿ ಇಟ್ಟಿಗೆಯಂಥ ಗಟ್ಟಿಗಳನ್ನು ಪಡೆದ ಸಂಗತಿಯನ್ನು ೨೦೨೦ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಅನಂತರ ಮಂಗಳಗ್ರಹದ ಮಣ್ಣಿನ ಅನುಕೃತಿಯಲ್ಲಿಯೂ ಅದನ್ನು ಸಾಧಿಸಿದರು. ಬ್ಯಾಕ್ಟೀರಿಯವು ಯೂರಿಯಾವನ್ನು ಒಡೆದಾಗ ಸುತ್ತಲಿನ ದ್ರವ ಕ್ಷಾರವಾಗಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಮಣ್ಣಿನ ಕಣಗಳ ನಡುವೆ ಕೂತು ಅವನ್ನು ಬೆಸೆಯುತ್ತವೆ. ಗೂಡಿನ ಬೆಂಕಿಯ ಅಗತ್ಯವಿಲ್ಲ. ಇದು ವಂಶವಾಹಿಯನ್ನು ತಿದ್ದಿದ ಜೀವಿಯಲ್ಲ, ಪ್ರಕೃತಿಯಿಂದ ಆರಿಸಿಕೊಂಡದ್ದು. ಈ ಭೇದವನ್ನು ಪತ್ರಿಕೆಗಳ ವರದಿಗಳು ಅನೇಕವೇಳೆ ಮರೆಯುತ್ತವೆ. ಭೂಮಿಯ ಮೇಲೆ ಈ ವಿಧಾನವನ್ನು ಹರಡುವವರು ಯೂರಿಯಾ ಎಲ್ಲಿಂದ ಬರುತ್ತದೆ, ಹೊರಬೀಳುವ ಅಮೋನಿಯ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲೇಬೇಕು. ಕಾರ್ಖಾನೆಯ ಯೂರಿಯಾ ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ಹುಟ್ಟಿದ್ದು. ಮನುಷ್ಯರ ಮೂತ್ರದಿಂದಲೇ ಅದನ್ನು ಪಡೆಯಬಹುದೆಂಬ ಆ ವಿಜ್ಞಾನಿಗಳ ಸೂಚನೆ ಚಂದ್ರನಲ್ಲಿ ಸಲ್ಲುವಷ್ಟೇ ನಗರದಲ್ಲಿಯೂ ಸಲ್ಲುವಂಥದು. ಆದರೆ ಅದಕ್ಕೆ ತಕ್ಕ ಚರಂಡಿ ವ್ಯವಸ್ಥೆ ನಮ್ಮಲ್ಲಿ ಇನ್ನೂ ಆಗಬೇಕಾಗಿದೆ. ಆದಕಾರಣ ಪಶ್ಚಿಮ ಬೆಂಗಳೂರಿನ ಸದ್ಯದ ಅಗತ್ಯಕ್ಕೆ ಇಟ್ಟಿಗೆಗಿಂತ ಬಣ್ಣವೇ ಮೊದಲಿನದೆಂದು ನನಗೆ ತೋರುತ್ತದೆ.

ಹೀಗೆ ಹೇಳುವುದಕ್ಕೆ ಕಾರಣ ವೃಷಭಾವತಿ. ಮೈಸೂರು ರಸ್ತೆಯ ನಿಲ್ದಾಣವನ್ನು ದಾಟಿ ನಾಯಂಡಹಳ್ಳಿಯ ಕಡೆಗೆ ಸಾಗುವ ಮೆಟ್ರೋ ರೈಲಿನಿಂದ ಕೆಳಗೆ ನೋಡಿದವರಿಗೆ ಕಲ್ಲುಕಟ್ಟೆಗಳ ನಡುವೆ ಕಪ್ಪಗೆ, ಒಮ್ಮೊಮ್ಮೆ ಬೇರೆ ಬಣ್ಣವಾಗಿ, ಅಲ್ಲಲ್ಲಿ ನೊರೆಗಟ್ಟಿ ಹರಿಯುವ ನೀರು ಕಾಣುತ್ತದೆ. ಮುಚ್ಚಿದ ಗಾಜಿನ ಬಾಗಿಲು ತೆರೆದೊಡನೆ ವಾಸನೆಯೂ ಬರುತ್ತದೆ. ಬಸವನಗುಡಿಯ ಕಡೆಯಿಂದಲೂ ಮಲ್ಲೇಶ್ವರದ ಕಡೆಯಿಂದಲೂ ಬರುವ ಕವಲುಗಳು ಕೂಡಿ ಆದ ಈ ಹೊಳೆ, ಗಾಳಿ ಆಂಜನೇಯಸ್ವಾಮಿಯ ಗುಡಿಯ ಪಕ್ಕದಲ್ಲಿ ಹಾದು, ಜ್ಞಾನಭಾರತಿಯ ಅಂಚನ್ನೂ ಕೆಂಗೇರಿಯನ್ನೂ ದಾಟಿ, ಬಿಡದಿಯ ಬಳಿ ಬೈರಮಂಗಲದ ಕೆರೆಯನ್ನು ತುಂಬಿ, ಕೊನೆಗೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರತಕ್ಕದ್ದು. ಊರಿನ ಕೊಳಚೆಯೇ ಇದರ ಹೊರೆಯಲ್ಲಿ ದೊಡ್ಡ ಪಾಲು. ಅದನ್ನು ಮರೆಮಾಚಿ ಕಾರ್ಖಾನೆಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಆದರೂ ಲೋಹಕ್ಕೆ ಮೆರುಗು ಕೊಡುವ ಅಂಗಡಿಗಳು, ಬಟ್ಟೆಗೆ ಬಣ್ಣ ಕಟ್ಟುವ ಮತ್ತು ತೊಳೆಯುವ ಘಟಕಗಳು ಬಿಟ್ಟ ನೀರು ಕೊಳಚೆಯ ಜೊತೆಗೆ ಬೆರೆತ ಮೇಲೆ ಅದನ್ನು ಶುದ್ಧಮಾಡುವುದು ದುಸ್ತರವಾಗುತ್ತದೆ, ಏಕೆಂದರೆ ಕೊಳಚೆಯನ್ನು ತಿಂದು ನೀರನ್ನು ತಿಳಿಗೊಳಿಸಬೇಕಾದ ಬ್ಯಾಕ್ಟೀರಿಯಗಳನ್ನೇ ಲೋಹವೂ ಲವಣವೂ ಕೊಲ್ಲುತ್ತವೆ. ಬಿನ್ನಿ ಗಿರಣಿಯ ಕಾಲದಿಂದ ಬಟ್ಟೆಯ ಕೆಲಸದಿಂದಲೇ ಅನ್ನ ಕಂಡ ಬಡಾವಣೆಗಳು ನಮ್ಮವು. ಆ ಕೆಲಸ ಇಲ್ಲಿಂದ ತೊಲಗಬೇಕೆಂದು ಬಯಸುವುದು ಸುಲಭವಾದರೂ, ಹಾಗೆ ಬಯಸುವವರು ತೊಡುವ ಬಟ್ಟೆಯ ಬಣ್ಣದ ನೀರು ಮತ್ತೊಂದು ಊರಿನ ಹೊಳೆಗೆ ಹೋಗುತ್ತದೆ. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರಿನ ಬಗ್ಗೆ ಅಲ್ಲಿಯವರಿಗಿರುವ ಸಂಕಟ ನಮ್ಮ ಸಂಕಟವೇ.

ಜೀನ್ಸಿನ ನೀಲಿಯ ಕಥೆ ಈ ವಿಚಾರಕ್ಕೆ ಅತ್ಯಂತ ಉಚಿತವಾದ ಉದಾಹರಣೆ. ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆ ೧೮೯೭ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಮೇಲೆ ಭಾರತದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಆ ಬೆಳೆಯೊಡನೆ ಬಂಗಾಳ ಬಿಹಾರಗಳ ರೈತರು ಪಟ್ಟ ಹಿಂಸೆಯನ್ನು ನೆನೆದರೆ ಅದು ಹೋದುದಕ್ಕೆ ಶೋಕಿಸಬೇಕಾಗಿಲ್ಲ. ಆದರೆ ಅದರ ಸ್ಥಾನಕ್ಕೆ ಬಂದದ್ದು ಅನಿಲೀನ್, ಫಾರ್ಮಾಲ್ಡಿಹೈಡ್, ಸಯನೈಡುಗಳನ್ನು ಬಳಸಿ ತಯಾರಾಗುವ ದ್ರವ್ಯ. ಅದನ್ನು ನೀರಿನಲ್ಲಿ ಕರಗಿಸಿ ನೂಲಿಗೆ ಹತ್ತಿಸುವುದಕ್ಕೆ ಗಂಧಕದ ಲವಣವೊಂದು ಬೇರೆ ಬೇಕು. ೧೯೮೩ರಲ್ಲಿ ಅಮೆರಿಕದ ಅಮ್‌ಜೆನ್ ಸಂಸ್ಥೆಯ ಬರ್ಟ್ ಎನ್ಸ್‌ಲಿ ಮತ್ತು ಸಂಗಡಿಗರು, ನ್ಯಾಫ್ತಲೀನನ್ನು ಅರಗಿಸುವ ಸೂಡೊಮೊನಾಸ್ ಬ್ಯಾಕ್ಟೀರಿಯದ ವಂಶವಾಹಿಗಳನ್ನು ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ ಬೇರೊಂದು ವಿಷಯವನ್ನು ಪರಿಶೀಲಿಸುತ್ತಿದ್ದಾಗ, ತಟ್ಟೆಯ ಮೇಲೆ ಬೆಳೆದ ಜೀವಿಸಮೂಹಗಳು ನೀಲಿಯಾಗಿರುವುದನ್ನು ಕಂಡರು. ಕೋಲೈ ಜೀವಿಯು ತನ್ನ ಸಹಜ ಆಹಾರವಾದ ಒಂದು ಅಮೈನೋ ಆಮ್ಲದಿಂದ ಇಂಡೋಲ್ ಎಂಬುದನ್ನು ಮಾಡುತ್ತಿತ್ತು. ಹೊರಗಿನಿಂದ ಬಂದ ಕಿಣ್ವವು ಆ ಇಂಡೋಲನ್ನು ನೀಲಿಯ ದಾರಿಗೆ ತಿರುಗಿಸಿತ್ತು. ೨೦೧೮ರಲ್ಲಿ ಬರ್ಕ್ಲಿಯ ಜಾನ್ ಡ್ಯೂಬರ್ ಅವರ ತಂಡ ಮತ್ತಷ್ಟು ಸೂಕ್ಷ್ಮವಾದ ಉಪಾಯವನ್ನು ತೋರಿಸಿತು. ನೀಲಿಗಿಡದ ಎಲೆಯಲ್ಲಿ ಬಣ್ಣವು ಸಕ್ಕರೆಯ ಅಣುವೊಂದರ ಕಾವಲಿನಲ್ಲಿ ಕರಗುವ ಸ್ಥಿತಿಯಲ್ಲಿರುತ್ತದೆ. ಅದೇ ಕ್ರಮವನ್ನು ಬ್ಯಾಕ್ಟೀರಿಯದಲ್ಲಿ ಅನುಸರಿಸಿ, ಬಣ್ಣದ ಪೂರ್ವದ್ರವ್ಯವನ್ನು ಬಟ್ಟೆಗೆ ಹಚ್ಚಿದ ಬಳಿಕ ಕಿಣ್ವದಿಂದ ಕಾವಲನ್ನು ಬಿಡಿಸಿದರೆ, ನೀಲಿ ಅಲ್ಲಿಯೇ ಮೂಡುತ್ತದೆ. ಗಂಧಕದ ಲವಣದ ಹಂಗು ತಪ್ಪುತ್ತದೆ. ಬೆಲೆಯಲ್ಲಿ ಅದು ಕೃತಕ ನೀಲಿಗೆ ಸರಿಗಟ್ಟಬೇಕಾದರೆ ಇನ್ನೂ ಬಹಳ ಕೆಲಸವಿದೆ. ಆದರೂ ಮಾರ್ಗವೊಂದುಂಟೆಂದು ಸಿದ್ಧವಾದಂತಾಯಿತು.

ಬ್ಯಾಕ್ಟೀರಿಯದಿಂದ ಬಂದದ್ದೆಲ್ಲ ಪರಿಸರಕ್ಕೆ ಹಿತವೆಂಬ ನಂಬಿಕೆ ಮಾತ್ರ ಹುರುಳಿಲ್ಲದ್ದು. ಜೀವಿಗೆ ಆಹಾರ ಬೇಕು, ಆ ಆಹಾರ ಬಹುಮಟ್ಟಿಗೆ ಸಕ್ಕರೆ. ನಮ್ಮಲ್ಲಿ ಸಕ್ಕರೆಯೆಂದರೆ ಮಂಡ್ಯದ ಕಬ್ಬು, ಕಬ್ಬೆಂದರೆ ಕಾವೇರಿಯ ನೀರು. ಒಂದು ಹೊಳೆಯನ್ನು ತಿಳಿಗೊಳಿಸಲು ಮತ್ತೊಂದನ್ನು ಹೀರಿದರೆ ಸಾಧಿಸಿದ್ದೇನು? ಆದ್ದರಿಂದ ಕಾಕಂಬಿಯಂಥ ಶೇಷದ್ರವ್ಯಗಳನ್ನು, ತುಮಕೂರು ಜಿಲ್ಲೆಯಲ್ಲಿ ಕಾಯಿತುರಿಯನ್ನು ಒಣಗಿಸಿ ಪುಡಿಮಾಡುವ ಕಾರ್ಖಾನೆಗಳು ಚೆಲ್ಲುವ ತೆಂಗಿನ ನೀರನ್ನು ಮೊದಲು ಬಳಸತಕ್ಕದ್ದು. ತಿಪಟೂರಿನ ಉಂಡೆಕೊಬ್ಬರಿಯಿಂದ ಈ ಪ್ರಯೋಜನವಿಲ್ಲ, ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯೊಳಗೇ ಅದರ ನೀರು ಇಂಗಿಹೋಗುತ್ತದೆ. ಪುಡಿಯ ಕಾರ್ಖಾನೆಯಲ್ಲಾದರೋ ಹಸಿಕಾಯಿಯನ್ನು ಒಡೆದು ನೀರನ್ನು ಹೊರಚೆಲ್ಲುತ್ತಾರೆ, ಅದು ಹುಳಿತು ನೆಲವನ್ನು ಕೆಡಿಸುತ್ತದೆ.

ಇನ್ನು ಬಿತ್ತನೆಯ ಪ್ರಶ್ನೆ. ೧೮೬೬ರಲ್ಲಿ ಡಿ ವೆಚ್ಚಿ ಎಂಬ ಇಟಲಿಯವನೊಬ್ಬನು ನಮ್ಮ ಕೆಂಗೇರಿಯಲ್ಲಿ ಉಗಿಯಂತ್ರದಿಂದ ರೇಷ್ಮೆನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಆ ವೇಳೆಗೆ ಯುರೋಪಿನ ರೇಷ್ಮೆಹುಳುಗಳನ್ನು ಗಂಟುರೋಗ ನಿರ್ಮೂಲಗೊಳಿಸುತ್ತಿತ್ತು. ಮೈಸೂರು ಸೀಮೆಯ ಹುಳುಗಳೂ ರೋಗದಿಂದ ಸಾಯುತ್ತಿದ್ದವು. ಜಪಾನಿನಿಂದ ಮೊಟ್ಟೆ ತರಿಸಿದ್ದೂ ಸಾರ್ಥಕವಾಗಲಿಲ್ಲ. ಯಂತ್ರವಿದ್ದೂ ಬಂಡವಾಳವಿದ್ದೂ ಆ ಸಾಹಸ ನಿಲ್ಲಲಿಲ್ಲ, ಏಕೆಂದರೆ ನಂಬತಕ್ಕ ಬಿತ್ತನೆಯಿರಲಿಲ್ಲ. ಅದೇ ವರ್ಷಗಳಲ್ಲಿ, ೧೮೬೫ರಿಂದ ಮುಂದಕ್ಕೆ, ಫ್ರಾನ್ಸಿನ ಆಲೆಸ್ ಎಂಬಲ್ಲಿ ಲೂಯಿ ಪಾಶ್ಚರನು ಆ ರೋಗದ ಹಿಂದೆ ಬಿದ್ದಿದ್ದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳು ಕಂಡರೆ ಆ ಮೊಟ್ಟೆಯನ್ನು ಸುಡತಕ್ಕದ್ದು ಎಂದು ಅವನು ಹಾಕಿಕೊಟ್ಟ ನಿಯಮ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ವಿಜ್ಞಾನ ಸಂಸ್ಥೆಯ ಇಟ್ಟಿಗೆಯ ಬ್ಯಾಕ್ಟೀರಿಯಕ್ಕೆ ಹೆಸರು ಬಂದದ್ದೂ ಆ ಮಹನೀಯನಿಂದಲೇ.

ಪಾಶ್ಚರನ ನಿಯಮವನ್ನು ಒಬ್ಬೊಬ್ಬ ರೈತನೂ ತನ್ನ ಮನೆಯಲ್ಲಿ ಪಾಲಿಸುವುದು ಅಸಾಧ್ಯವೆಂಬುದನ್ನು ಅರಿತ ಮೈಸೂರು ಸರ್ಕಾರವು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ರೇಷ್ಮೆಗೆ ಪ್ರತ್ಯೇಕವಾದ ಇಲಾಖೆಯನ್ನು ರಚಿಸಿ, ಮೊಟ್ಟೆಯ ತಯಾರಿಕೆ ಮತ್ತು ಪರೀಕ್ಷೆಯನ್ನು ತಾನೇ ವಹಿಸಿಕೊಂಡಿತು. ಸ್ಥಳೀಯ ತಳಿಯನ್ನು ಪರದೇಶದ ತಳಿಯೊಡನೆ ಕೂಡಿಸಿ ಮಿಶ್ರತಳಿಯನ್ನು ರೂಢಿಗೆ ತಂದಿತು. ಮುಂದೆ ಖಾಸಗಿಯವರೂ ಪರವಾನಗಿ ಪಡೆದು ಮೊಟ್ಟೆ ತಯಾರಿಸುವಂತಾಯಿತು. ಆದರೆ ಮೂಲ ಬಿತ್ತನೆಯ ರಕ್ಷಣೆ ಸಾರ್ವಜನಿಕ ಸಂಸ್ಥೆಗಳಲ್ಲಿಯೇ ನಿಂತಿತು, ೨೦೦೬ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಾನೂನಿಗೆ ಆದ ತಿದ್ದುಪಡಿ ಬಿತ್ತನೆಯ ಗುಣಮಟ್ಟದ ನಿಯಂತ್ರಣವನ್ನು ಇನ್ನಷ್ಟು ಭದ್ರಗೊಳಿಸಿತು. ರಾಮನಗರದ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋದವರು ಇದರ ಫಲವನ್ನು ಕಣ್ಣಾರೆ ಕಾಣಬಹುದು. ಒಂದು ಕಡೆ ಹಳದಿ ಬಣ್ಣದ ಮಿಶ್ರತಳಿ ಗೂಡು, ಮತ್ತೊಂದು ಕಡೆ ಬೆಳ್ಳಗಿನ ದ್ವಿತಳಿ ಗೂಡು; ನೂಲು ಬಿಚ್ಚಾಣಿಕೆಯವರು ರಾಶಿಯೊಳಕ್ಕೆ ಮೊಣಕೈಯವರೆಗೂ ಕೈಯಿಳಿಸಿ, ಒಂದೆರಡನ್ನು ಕಿವಿಯ ಬಳಿ ಅಲುಗಿಸಿ, ಬೆರಳಲ್ಲಿ ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಎರಡು ಎಕರೆ ಹಿಪ್ಪುನೇರಳೆಯ ರೈತ ತಂದ ಗೂಡಿನ ಪಕ್ಕದಲ್ಲಿಯೇ ಅವನ ಹತ್ತರಷ್ಟು ಭೂಮಿಯಿದ್ದವನ ಗೂಡೂ ಇರುತ್ತದೆ. ತಳಿ ಇಬ್ಬರಿಗೂ ಒಂದೇ. ಒಳ್ಳೆಯ ಬಿತ್ತನೆ ಕೆಲವೇ ಮಂದಿಯ ಸೊತ್ತಾಗಿದ್ದಿದ್ದರೆ ಮೈಸೂರು ರೇಷ್ಮೆ ಇಷ್ಟು ಮನೆಗಳ ಅನ್ನವಾಗುತ್ತಿರಲಿಲ್ಲ.

ಸೂಕ್ಷ್ಮಜೀವಿಗಳ ವಿಷಯದಲ್ಲಿ ಜಗತ್ತು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದದ್ದಕ್ಕೆ ಆದಿಯಲ್ಲಿ ಒಬ್ಬ ಭಾರತಸಂಜಾತ ವಿಜ್ಞಾನಿಯ ಹೆಸರಿದೆ. ಕಚ್ಚಾ ಎಣ್ಣೆಯನ್ನು ಅರಗಿಸುವ ಬ್ಯಾಕ್ಟೀರಿಯವನ್ನು ರೂಪಿಸಿದ ಆನಂದ ಚಕ್ರವರ್ತಿಯವರ ಮೊಕದ್ದಮೆಯಲ್ಲಿ, ಮನುಷ್ಯನು ಮಾರ್ಪಡಿಸಿದ ಜೀವಿಗೂ ಪೇಟೆಂಟು ಸಲ್ಲುತ್ತದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೦ರ ಜೂನ್ ತಿಂಗಳಿನಲ್ಲಿ, ಐವರು ನ್ಯಾಯಾಧೀಶರು ಪರವಾಗಿಯೂ ನಾಲ್ವರು ವಿರೋಧವಾಗಿಯೂ ಇದ್ದು, ತೀರ್ಪಿತ್ತಿತು. ೨೦೦೨ರ ತಿದ್ದುಪಡಿಯ ಬಳಿಕ ನಮ್ಮ ಪೇಟೆಂಟ್ ಕಾನೂನೂ ಸಸ್ಯಗಳನ್ನೂ ಪ್ರಾಣಿಗಳನ್ನೂ ಹೊರಗಿಟ್ಟು ಸೂಕ್ಷ್ಮಜೀವಿಗಳಿಗೆ ಮಾತ್ರ ಬಾಗಿಲು ತೆರೆದಿದೆ. ಪೇಟೆಂಟನ್ನೇ ಅಧರ್ಮವೆಂದು ನಾನು ಹೇಳಲಾರೆ. ವರ್ಷಾನುಗಟ್ಟಲೆ ದುಡಿದವನಿಗೆ ಪ್ರತಿಫಲ ಬೇಕು. ಆದರೆ ಸಂಸ್ಥೆ ಮುಳುಗಿದಾಗ ತಳಿಯ ಗತಿಯೇನು? ತಿದ್ದಿದ ಸೂಕ್ಷ್ಮಜೀವಿಗಳಿಂದ ಮಡಚಬಲ್ಲ ಪಾರದರ್ಶಕ ಪದರಗಳನ್ನು ತಯಾರಿಸುವುದಾಗಿ ಹೇಳಿ ೨೦೨೧ರಲ್ಲಿ ಷೇರುಪೇಟೆಗೆ ಬಂದ ಕ್ಯಾಲಿಫೋರ್ನಿಯದ ಜೈಮರ್ಜೆನ್, ಕೆಲವೇ ತಿಂಗಳಲ್ಲಿ ತನ್ನ ಪದಾರ್ಥಕ್ಕೆ ಗಿರಾಕಿಯಿಲ್ಲವೆಂದು ಒಪ್ಪಿ, ಮರುವರ್ಷ ಬೇರೊಂದು ಸಂಸ್ಥೆಯ ವಶವಾಗಿ, ೨೦೨೩ರಲ್ಲಿ ದಿವಾಳಿಯ ಅರ್ಜಿ ಹಾಕಿತು. ಅಂಥ ಸಂಸ್ಥೆಯ ತಳಿಯನ್ನು ನೆಚ್ಚಿ ಕಾಮಾಕ್ಷಿಪಾಳ್ಯದ ಸಣ್ಣ ಘಟಕದವನು ಸಾಲಮಾಡಿ ಹೊಸ ತೊಟ್ಟಿ ಕಟ್ಟಿದನೆನ್ನೋಣ. ತಾಯಿತಳಿ ಬರುವುದು ನಿಂತ ದಿನ ಅವನ ತೊಟ್ಟಿ ಬರಿದಾಗುತ್ತದೆ, ಸಾಲ ಉಳಿಯುತ್ತದೆ. ಪ್ರಯೋಗಾಲಯದ ತಳಿಯನ್ನು ತಲೆಮಾರುಗಟ್ಟಲೆ ಬೆಳೆಸುತ್ತ ಹೋದರೆ, ಬಣ್ಣ ಮಾಡುವ ಹೊರೆಯನ್ನು ಕಳಚಿಕೊಂಡ ಜೀವಿಗಳೇ ಬೇಗ ಬೆಳೆದು ಮೇಲುಗೈಯಾಗುವುದು ಪ್ರಕೃತಿನಿಯಮ. ಆದ್ದರಿಂದ ರೇಷ್ಮೆಯ ಮೊಟ್ಟೆಯಂತೆಯೇ ಇಲ್ಲಿಯೂ ಮೂಲಕ್ಕೆ ಮತ್ತೆ ಮತ್ತೆ ಹೋಗಲೇಬೇಕಾಗುತ್ತದೆ. ಮೂಲವನ್ನು ಹಿಡಿದವನು ಕಸುಬನ್ನೇ ಹಿಡಿದಂತೆ.

ನನ್ನ ಪಕ್ಷಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಗಂಭೀರವಾದದ್ದು ಸುರಕ್ಷತೆಯದು. ತಿದ್ದಿದ ಜೀವಿಯನ್ನು ಎಲ್ಲರ ಕೈಗೂ ಕೊಟ್ಟರೆ ಅದು ಚರಂಡಿಗೆ ಹೋಗದಿದ್ದೀತೆ? ಈ ಭಯ ನಿರಾಧಾರವಲ್ಲ. ಪ್ರಯೋಗಾಲಯದಲ್ಲಿ ತಿದ್ದಿದ ಜೀವಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ ಆಂಟಿಬಯೋಟಿಕ್ ಔಷಧಗಳಿಗೆ ಜಗ್ಗದಂತೆ ಮಾಡುವ ವಂಶವಾಹಿಯನ್ನು ಜೊತೆಗೆ ಸೇರಿಸುವುದು ರೂಢಿ. ಬ್ಯಾಕ್ಟೀರಿಯಗಳು ಇಂಥ ತುಣುಕುಗಳನ್ನು ಒಂದಕ್ಕೊಂದು ದಾಟಿಸಬಲ್ಲವು. ಆಸ್ಪತ್ರೆ, ಮನೆ, ಕಾರ್ಖಾನೆಗಳ ನೀರೆಲ್ಲ ಒಂದಾಗಿ ಹರಿಯುವ ವೃಷಭಾವತಿಯಂಥ ಹೊಳೆಯಲ್ಲಿ ಆ ವಿನಿಮಯಕ್ಕೆ ಎಲ್ಲ ಅನುಕೂಲವೂ ಇದೆ. ಆದ್ದರಿಂದ ಮನೆಮನೆಯಲ್ಲಿ ಹುಳು ಸಾಕಿದಂತೆ ಇದನ್ನು ಸಾಕಬಹುದೆಂದು ನಾನು ಹೇಳುವುದಿಲ್ಲ. ರೇಷ್ಮೆಯ ಉದಾಹರಣೆ ಬಿತ್ತನೆಯ ಒಡೆತನಕ್ಕೆ ಸಲ್ಲುತ್ತದೆ, ಸಾಕುವ ಕ್ರಮಕ್ಕೆ ಸಲ್ಲುವುದಿಲ್ಲ. ಔಷಧನಿರೋಧದ ಗುರುತನ್ನು ತೆಗೆದುಹಾಕಿದ, ಹೊಸ ವಂಶವಾಹಿಯನ್ನು ಜೀವಿಯ ಮೂಲತಂತುವಿನಲ್ಲಿಯೇ ಭದ್ರಪಡಿಸಿದ ತಳಿಗಳನ್ನು ಮಾತ್ರ ಹೊರಗೆ ಬಿಡಬೇಕು. ಜೀವಿಯನ್ನು ಮುಚ್ಚಿದ ಫರ್ಮೆಂಟರಿನಲ್ಲಿ, ತರಬೇತಾದವರ ಮೇಲ್ವಿಚಾರಣೆಯಲ್ಲಿ, ಹತ್ತಾರು ಘಟಕಗಳು ಸೇರಿದ ಸಹಕಾರ ಸಂಘವೊಂದು ಬೆಳೆಯಿಸಬೇಕು. ಶಾಖದಿಂದ ಕೊಂದ ಮೇಲೆ ಶೇಷವನ್ನು ಹೊರಬಿಡಬೇಕು. ಘಟಕಗಳಿಗೆ ಹೋಗತಕ್ಕದ್ದು ಜೀವಿಯಿಲ್ಲದ ಬಣ್ಣ ಮಾತ್ರ. ೧೯೮೯ರ ಡಿಸೆಂಬರಿನಲ್ಲಿ ಪರಿಸರ ಸಂರಕ್ಷಣಾ ಕಾನೂನಿನ ಅಡಿಯಲ್ಲಿ ಹೊರಟ ನಿಯಮಗಳು ಇಂಥ ಜೀವಿಗಳ ತಯಾರಿಕೆ, ಬಳಕೆ, ಸಂಗ್ರಹಗಳಿಗೆ ಸಮಿತಿಗಳ ಅನುಮತಿಯನ್ನು ವಿಧಿಸಿವೆ. ಆದರೆ ಸಣ್ಣ ಸಹಕಾರ ಸಂಘಕ್ಕೆ ಆ ಕಾಗದಪತ್ರಗಳನ್ನು ತುಂಬಿಸಿಕೊಡುವವರಾರು? ಸಾರ್ವಜನಿಕ ಬಿತ್ತನೆ ಕೇಂದ್ರವಿದ್ದರೆ ಅದೇ ಆ ಹೊಣೆಯನ್ನು ಹೊರಬಲ್ಲದು. ಆಗ ಪರೀಕ್ಷಿತವಾದ ಕೆಲವೇ ತಳಿಗಳು ಚಲಾವಣೆಯಲ್ಲಿರುವುದರಿಂದ ಕಣ್ಣಿಡುವುದೂ ಸುಲಭ.

ಜೀವನೋಪಾಯದ ಆಕ್ಷೇಪ ಇನ್ನೊಂದು. ಮೊದಲ ಮಹಾಯುದ್ಧದ ಕಾಲದಲ್ಲಿ ಪರದೇಶಕ್ಕೆ ಹೋಗದೆ ಉಳಿದ ಶ್ರೀಗಂಧದಿಂದ ಎಣ್ಣೆ ತೆಗೆಯಲಾರಂಭಿಸಿದ ಮೈಸೂರು ಸಂಸ್ಥಾನದ ಉದ್ಯಮವೇ ಇಂದು ರಾಜಾಜಿನಗರದ ಬಳಿ ಸಾಬೂನು ಕಾರ್ಖಾನೆಯಾಗಿ ನಿಂತಿದೆ. ಗಂಧದೆಣ್ಣೆಯ ಪರಿಮಳಕ್ಕೆ ಮೂಲವಾದ ಸ್ಯಾಂಟಲಾಲ್ ಈಗ ಹುದುಗುವಿಕೆಯ ತೊಟ್ಟಿಗಳಿಂದಲೂ ಬರುತ್ತಿದೆ; ಹಿಂದೆ ಕೃತಕ ನೀಲಿಯನ್ನು ತಂದ ಬಿ.ಎ.ಎಸ್.ಎಫ್. ಸಂಸ್ಥೆಯೇ ೨೦೨೦ರಲ್ಲಿ ಅದನ್ನೂ ಮಾರಾಟಕ್ಕೆ ತಂದಿತು. ಕಾಡಿನ ಗಂಧಚೋರರಿಗೆ ಇದರಿಂದ ಅಡ್ಡಿಯಾದರೆ ಸಂತೋಷವೇ. ಆದರೆ ೨೦೦೧ರಲ್ಲಿ ಕಾನೂನು ಸಡಿಲವಾದಮೇಲೆ ತಮ್ಮ ಹೊಲದಲ್ಲಿ ಗಂಧವನ್ನು ನೆಟ್ಟು, ಮರ ಚೇಗುಗಟ್ಟಲೆಂದು ಹದಿನೈದು ಇಪ್ಪತ್ತು ವರ್ಷ ಕಾದಿರುವ ರೈತರಿಗೆ ಅದು ಆತಂಕದ ವಾರ್ತೆ. ಎಲ್ಲಿ ಒಂದು ಬೆಳೆಯನ್ನು ನೆಚ್ಚಿ ಬದುಕುವ ಜನರಿರುವರೋ ಅಲ್ಲಿ ಸೂಕ್ಷ್ಮಜೀವಿಗೆ ಸಾರ್ವಜನಿಕ ಧನವನ್ನು ಹಾಕಬಾರದೆಂಬುದು ನನ್ನ ಮತ. ನೀಲಿ ಮತ್ತು ಕಪ್ಪು ಬಣ್ಣಗಳನ್ನು ಮೊದಲು ಆರಿಸಿಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಅವುಗಳಿಂದ ಸ್ಥಾನ ಕಳೆದುಕೊಳ್ಳತಕ್ಕದ್ದು ಬಹುಮಟ್ಟಿಗೆ ಪೆಟ್ರೋಲಿಯಮ್ಮಿನಿಂದ ಬಂದ ರಾಸಾಯನಿಕ.

ಸಾಧನಗಳು ನಮ್ಮಲ್ಲಿ ಇಲ್ಲದಿಲ್ಲ. ಸೂಕ್ಷ್ಮಜೀವಿಗಳನ್ನು ಸಂಗ್ರಹಿಸಿ, ಕೇಳಿದವರಿಗೆ ನಿಗದಿಯಾದ ಶುಲ್ಕಕ್ಕೆ ಒದಗಿಸುವ ಸರ್ಕಾರಿ ಭಂಡಾರವೊಂದು ಚಂಡೀಗಢದಲ್ಲಿ ೧೯೮೬ರಿಂದ ನಡೆಯುತ್ತಿದೆ. ಜೈವಿಕ ತಯಾರಿಕೆಗೆ ಪ್ರೋತ್ಸಾಹ ಕೊಡುವ ಬಯೋ-ಇ೩ ನೀತಿಯನ್ನು ಕೇಂದ್ರ ಸಂಪುಟ ೨೦೨೪ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಆ ನೀತಿಯಿಂದ ಬರುವ ಹಣದಲ್ಲಿ ಹುಟ್ಟಿದ ತಳಿಗಳ ಒಡೆತನದ ಪ್ರಶ್ನೆಯನ್ನು ಮೊದಲೇ ಇತ್ಯರ್ಥಮಾಡಿಕೊಳ್ಳುವುದು ಉಚಿತ. ವೃಷಭಾವತಿಯ ದಡದಲ್ಲಿಯೇ ಇರುವ, ರೇಷ್ಮೆಶಾಸ್ತ್ರವನ್ನೂ ಸೂಕ್ಷ್ಮಜೀವಿಶಾಸ್ತ್ರವನ್ನೂ ಬೋಧಿಸುವ ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಒಂದು ಬಿತ್ತನೆ ಕೇಂದ್ರವನ್ನು ತೆರೆದು, ಕರಾರಿನಲ್ಲಿ ಇಷ್ಟನ್ನು ಬರೆಯಿಸಬೇಕು: ಸಾರ್ವಜನಿಕ ಹಣದಿಂದಾದ ತಾಯಿತಳಿಯನ್ನು ಯಾವ ಒಬ್ಬ ಸಂಸ್ಥೆಗೂ ಏಕಸ್ವಾಮ್ಯವಾಗಿ ಕೊಡತಕ್ಕದ್ದಲ್ಲ, ಖಾಸಗಿ ಸಂಸ್ಥೆ ಸರ್ಕಾರದ ನೆರವನ್ನು ಪಡೆದಿದ್ದರೆ, ಅದು ಬಾಗಿಲು ಮುಚ್ಚಿದ ದಿನ ಅದರ ತಳಿ ಕೇಂದ್ರಕ್ಕೆ ಸೇರತಕ್ಕದ್ದು, ತಳಿಯನ್ನು ಪಡೆದ ಪ್ರತಿಯೊಂದು ಸಂಘವೂ ಒಂದು ಕಿಲೋಗ್ರಾಂ ಬಣ್ಣಕ್ಕೆ ಎಷ್ಟು ಸಕ್ಕರೆ, ಎಷ್ಟು ನೀರು, ಎಷ್ಟು ವಿದ್ಯುತ್ತು ವೆಚ್ಚವಾಯಿತು, ಹೊರಗೆ ಹೋದ ನೀರಿನಲ್ಲಿ ಏನಿತ್ತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸತಕ್ಕದ್ದು. ಮೊದಲ ಕೆಲವು ವರ್ಷ ಈ ಬಣ್ಣ ಕೃತಕ ಬಣ್ಣಕ್ಕಿಂತ ದುಬಾರಿಯಾಗಿಯೇ ಇರುತ್ತದೆ. ಆ ಹೆಚ್ಚಿನ ವೆಚ್ಚವನ್ನು ಬಣ್ಣಗಾರನ ಮೇಲೆ ಹೊರಿಸುವುದು ಅನ್ಯಾಯ. ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರಕ್ಕೆ, ಪೊಲೀಸರ ಮತ್ತು ಸಾರಿಗೆ ನೌಕರರ ಉಡುಪಿಗೆ ಸರ್ಕಾರವೇ ಈ ಬಣ್ಣದ ಬಟ್ಟೆಯನ್ನು ಕೊಳ್ಳುವುದೆಂದು ಗೊತ್ತುಮಾಡಿದರೆ, ತೊಟ್ಟಿ ಕಟ್ಟುವವನಿಗೆ ಗಿರಾಕಿ ಇದ್ದಾನೆಂಬ ಧೈರ್ಯವುಂಟಾಗಿ, ಬ್ಯಾಂಕಿನವರೂ ಸಾಲ ಕೊಡಲು ಮುಂದಾಗುವರು.